ಒಂದನೇ ತಾರೀಖು

ಡಿಸೆಂಬರ್ ಹತ್ತೊಂಬತ್ತರಿಂದ ಈಚೆಗೆ ಏನೂ ಇರಲಿಲ್ಲ. ಸುಮನಾ ಬ್ಯಾಕಪ್ ಡಿಸ್ಕನ್ನು ಕಿತ್ತು ಇನ್ನೊಂದು ಕಡೆ ಚುಚ್ಚಿದಳು, ವೈರು ಬದಲಾಯಿಸಿದಳು, ಮುಚ್ಚಿಟ್ಟ ಫೈಲುಗಳನ್ನೂ ತೆರೆದು ನೋಡಿದಳು. ಎಳ್ಳಮಾವಾಸ್ಯೆಯ ದಿನ ಕಾಪಿಯಾದ ಮದುವೆಗಳು, ಗೃಹಪ್ರವೇಶಗಳು, ಯಾರೋ ಮೇಷ್ಟ್ರ ಬೀಳ್ಕೊಡುಗೆ, ಎಲ್ಲ ಸಾಲಾಗಿ ಕೂತಿದ್ದವು. ಜನವರಿಯಿಂದ ಮೇ ತಿಂಗಳ ಈ ಕೊನೆಯ ವಾರದವರೆಗೆ ಮಾತ್ರ ಒಂದೇ ಒಂದು ಫೋಟೋ ಇಲ್ಲ.

"ಸಿಕ್ತಾ ಮೇಡಂ?" ಎಂದು ಬೆನ್ನ ಹಿಂದಿನಿಂದ ಸ್ಟುಡಿಯೋದ ಯಜಮಾನ ರುದ್ರಮೂರ್ತಿ ಕೇಳಿದರು. ಹತ್ತು ನಿಮಿಷದಲ್ಲಿ ಇದು ನಾಲ್ಕನೆಯ ಸಲ.

"ನೋಡ್ತಿದೀನಿ ಸಾರ್."

ಹಿಂದಿನ ವಾರ ಅಜ್ಜಂಪುರದ ಈ ಸ್ಟುಡಿಯೋದಲ್ಲಿ ಫೋಟೋ ತುಂಬಿಡುವ ದೊಡ್ಡ ಡಿಸ್ಕು ಕಟಕಟ ಸದ್ದು ಮಾಡಿ ಸತ್ತಿತ್ತು. ರುದ್ರಮೂರ್ತಿಯ ಮಗ ವಿಶ್ವನಾಥ್ ಅದನ್ನು ಶಿವಮೊಗ್ಗಕ್ಕೆ ಒಯ್ದು ತೋರಿಸಿದ. ಒಳಗೆಲ್ಲ ಗೀರು ಬಿದ್ದಿದೆ, ಆಸೆ ಬಿಡಿ ಎಂದು ಅಲ್ಲಿಯವರು ವಾಪಸು ಕೊಟ್ಟರು. ಆಗ ಕಡೂರಿಗೆ ಫೋನು ಬಂತು. "ಬ್ಯಾಕಪ್ ಇದೆಯಲ್ಲ ಸಾರ್, ಹೆದರ್ಕೋಬೇಡಿ. ಅರ್ಧ ಗಂಟೆ ಕೆಲ್ಸ" ಎಂದು ಸುಮನಾ ನಕ್ಕಿದ್ದಳು. ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿರುವವಳು ಅವಳು. ಹೆಂಗಸು ಏನು ಬಿಚ್ಚುತ್ತಾಳೋ, ಏನು ಜೋಡಿಸುತ್ತಾಳೋ ಎಂದು ಮೊದಮೊದಲು ಬಾಗಿಲಲ್ಲೇ ನಿಂತು ನೋಡಿದವರೇ ಈಗ, ಸುಮನಾ ಮೇಡಂ ಕೈಯಿಟ್ಟರೆ ಆಯಿತು ಎನ್ನುತ್ತಿದ್ದರು. ಆ ಮಾತು ಅವಳ ತಲೆಗೂ ಸ್ವಲ್ಪ ಏರಿತ್ತು ಅನ್ನಿ. ಬೀರೂರಿನಲ್ಲಿ ಬಸ್ಸು ಬದಲಾಯಿಸಿ, ಹೊಸ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಬಂದಿಳಿದಿದ್ದಳು.

ಸ್ಟುಡಿಯೋಗೆ ಹೊಂದಿಕೊಂಡ ಈ ಮನೆಯಲ್ಲಿ ಬ್ಯಾಕಪ್ ಆಗುವುದಕ್ಕೆ ಒಂದು ಕ್ರಮವಿತ್ತು. ಒಮ್ಮೆ ಸಿಡಿಲು ಬಡಿದು ಹಳೆಯ ಡಿಸ್ಕೊಂದು ಸುಟ್ಟುಹೋದ ಮೇಲೆ, ಬ್ಯಾಕಪ್ ಡಿಸ್ಕು ಒಳಮನೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇರುತ್ತಿತ್ತು. ಅಮಾವಾಸ್ಯೆಗೊಮ್ಮೆ ಕ್ಯಾಮೆರಾ, ಲೈಟು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಕುಂಕುಮ ಇಟ್ಟು ಪೂಜೆ. ಅಂದೇ ಡಿಸ್ಕು ಹೊರಗೆ ಬರುವುದು. ಅದನ್ನು ಚುಚ್ಚಿ, ನೀಲಿ ದೀಪ ಹತ್ತಿದ್ದು ನೋಡಿ, ಮಂಗಳಾರತಿ ಮಾಡಿ, ಒಂದು ಗಂಟೆ ಬಿಟ್ಟು ಕಿತ್ತರೆ ಮತ್ತೆ ಬೀರುವಿಗೆ. ವರ್ಷಗಟ್ಟಲೆ ಇದು ಸಲೀಸಾಗಿ ನಡೆದಿತ್ತು. ಇತ್ತೀಚೆಗೆ ಆ ಕೆಲಸ ಸೊಸೆ ಸ್ಪಂದನಾಳದ್ದು.

ಸ್ಪಂದನಾ ಗೋಡೆಗೆ ಒರಗಿ ನಿಂತಿದ್ದಳು. ತರೀಕೆರೆಯ ಹುಡುಗಿ, ಈ ಮನೆಗೆ ಬಂದು ಒಂದೂವರೆ ವರ್ಷ. ಮದುವೆಯ ಮಾತುಕತೆಯಲ್ಲೇ, ಆಲ್ಬಮ್ ಮಾಡುವ ಕೆಲಸ ಬಿಡುವುದಿಲ್ಲ ಎಂದು ಒಪ್ಪಿಸಿಕೊಂಡು ಬಂದವಳು. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದಳು. ಅವಳ ಆಲ್ಬಮ್ಮು ನೋಡಿಯೇ ಶಿವನಿ, ಅಂತರಘಟ್ಟೆಯ ಕಡೆಯವರು ಹುಡುಕಿಕೊಂಡು ಬರಲು ಶುರುಮಾಡಿದ್ದರು. ಅತ್ತೆ ಗುರುಶಾಂತಮ್ಮನಿಗೆ ಮಾತ್ರ ಸೊಸೆ ಬೆಳಗಿನಿಂದ ಸಂಜೆಯವರೆಗೆ ಆ ಕುರ್ಚಿಯಲ್ಲಿ ಕೂತಿರುವುದು ಮೊದಲಿನಿಂದಲೂ ಸರಿಬಂದಿರಲಿಲ್ಲ.

"ಯುಗಾದಿ ಹಿಂದಿನ ಅಮಾಸೆ ದಿನ ನಂಗೆ ಚೆನ್ನಾಗ್ ನೆನಪೈತೆ" ಎಂದರು ಗುರುಶಾಂತಮ್ಮ. "ತಮ್ಮ ಕರ್ಯಾಕೆ ಬಂದ ಅಂತ ಆರತಿ ತಟ್ಟೆ ಆರೋಕ್ ಮುಂಚೆನೇ ಡಿಸ್ಕು ಕಿತ್ತು ನನ್ ಕೈಗೆ ಕೊಟ್ಲು. ಹೊಂಟೇಬಿಟ್ಲು ತರೀಕೆರೆಗೆ."

"ಹತ್ತು ನಿಮಿಷ ಮುಂಚೆ ತೆಗ್ದೆ ಅತ್ತೆ" ಎಂದಳು ಸ್ಪಂದನಾ. "ಒಂದ್ಸಲ. ಹೌದು, ತೆಗ್ದೆ."

"ಒಂದ್ಸಲವೋ, ಐದ್ ಸಲವೋ. ನಾವೇನ್ ಗಡಿಯಾರ ಹಿಡ್ಕಂಡ್ ಕೂತಿದ್ವಾ?"

ಸುಮನಾ ತಿರುಗಿ ನೋಡಲಿಲ್ಲ. ಫೋಟೋ ಡಿಸ್ಕು ಸತ್ತಿದ್ದರೂ ವಿಂಡೋಸ್ ಇದ್ದ ಚಿಕ್ಕ ಡಿಸ್ಕು ನೆಟ್ಟಗಿತ್ತು. ಕಂಪ್ಯೂಟರು ಯಾವ ದಿನ ಏನು ಮಾಡಿತು ಎಂಬ ಪಟ್ಟಿ ಅದರಲ್ಲಿ ಇದ್ದೇ ಇರುತ್ತದೆ. ಅವಳು ಅದನ್ನು ತೆರೆದಳು. ಜನವರಿ ಒಂದು, ಬೆಳಿಗ್ಗೆ ಹನ್ನೊಂದು: ಡಿಸ್ಕ್ ಸಿಗಲಿಲ್ಲ. ಫೆಬ್ರವರಿ ಒಂದು, ಡಿಸ್ಕ್ ಸಿಗಲಿಲ್ಲ. ಮಾರ್ಚ್, ಏಪ್ರಿಲ್, ಮೇ, ಅದೇ ಒಂದನೇ ತಾರೀಖು, ಅದೇ ಹನ್ನೊಂದು ಗಂಟೆ, ಅದೇ ಮಾತು.

ಅವಳ ಕೈ ಮೌಸಿನ ಮೇಲೆ ಹಾಗೇ ನಿಂತಿತು.

ಡಿಸೆಂಬರಿನ ಕೊನೆಯಲ್ಲಿ ಈ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದ್ದು ಅವಳೇ. ಡಿಸ್ಕು ಚುಚ್ಚಿದ ಕೂಡಲೇ ತಾನಾಗಿ ಕಾಪಿ ಶುರುಮಾಡುತ್ತಿದ್ದ ಹಳೆಯ ಪ್ರೋಗ್ರಾಮು ಹೊಸದರಲ್ಲಿ ಓಡಲಿಲ್ಲ. ಅದನ್ನು ತೆಗೆದು ಬೇರೊಂದು ಹಾಕಿದಳು. ಅದು ಯಾವತ್ತು ಕಾಪಿ ಮಾಡಲಿ ಎಂದು ಕೇಳಿತು. ಕಡೂರಿನ ಬಸ್ಸಿಗೆ ಹೊತ್ತಾಗಿತ್ತು. ಪ್ರತಿ ತಿಂಗಳು ಒಂದನೇ ತಾರೀಖು ಎಂದು ಒತ್ತಿ, "ಎಲ್ಲಾ ಆಟೋಮ್ಯಾಟಿಕ್ ಸಾರ್, ನೀವೇನೂ ಮಾಡ್ಬೇಕಾಗಿಲ್ಲ" ಎಂದು ಹೇಳಿ ಎದ್ದಿದ್ದಳು. ಇವರು ಡಿಸ್ಕು ಚುಚ್ಚುವುದು ಯಾವತ್ತು ಎಂದು ಕೇಳಿರಲಿಲ್ಲ. ಅಮಾವಾಸ್ಯೆ ಒಂದನೇ ತಾರೀಖಿಗೆ ಬಾ ಎಂದರೆ ಬರುತ್ತದೆಯೇ? ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಅವಳೂ ಮಾಡುತ್ತಾಳೆ. ಐದು ಅಮಾವಾಸ್ಯೆ ಇವರು ಡಿಸ್ಕಿಗೆ ಆರತಿ ಎತ್ತಿ ಹಾಗೇ ಬೀರುವಿಗೆ ಇಟ್ಟಿದ್ದಾರೆ, ಅಷ್ಟೇ.

ಪರದೆಯ ಮೇಲಿದ್ದದ್ದು ಇಂಗ್ಲಿಷಿನ ಸಣ್ಣ ಅಕ್ಷರ. ರುದ್ರಮೂರ್ತಿಯ ಕನ್ನಡಕ ಜೇಬಿನಲ್ಲಿತ್ತು. ಸ್ಪಂದನಾ ದೂರದಲ್ಲಿದ್ದಳು. ಸುಮನಾ ಆ ಪಟ್ಟಿಯನ್ನು ಮುಚ್ಚಿದಳು. ಯಾಕೆ ಮುಚ್ಚಿದೆ ಎಂದು ಅವಳು ತನ್ನನ್ನೇ ಕೇಳಿಕೊಳ್ಳುವ ಮೊದಲೇ ಬೆರಳು ಆ ಕೆಲಸ ಮಾಡಿ ಮುಗಿಸಿತ್ತು.

"ನಿಮ್ ತಪ್ಪೇನಿಲ್ಲ ಮೇಡಂ, ಬೇಜಾರ್ ಮಾಡ್ಕೋಬೇಡಿ" ಎಂದರು ರುದ್ರಮೂರ್ತಿ. ಎಷ್ಟು ಒಳ್ಳೆಯ ಮನುಷ್ಯ ಅಂದರೆ ಅವಳಿಗೇ ಸಮಾಧಾನ ಹೇಳುತ್ತಿದ್ದರು. "ನಮ್ ಸಹಕಾರ ಸೊಸೈಟಿಲಿ ಹದಿನಾಲ್ಕು ಕಂಪ್ಯೂಟರ್‌ಗೂ ಹೊಸ ವಿಂಡೋಸ್ ಹಾಕಿಸ್ಬೇಕಂತೆ. ನಮ್ ಸುಮನಾ ಮೇಡಂನೇ ಕರೀರಿ ಅಂತ ಮೀಟಿಂಗಲ್ಲಿ ಹೇಳಿದೀನಿ. ಸೋಮವಾರ ಬಂದ್ಬಿಡಿ." ಆಮೇಲೆ ಸೊಸೆಯ ಕಡೆ ತಿರುಗಿದರು. ದನಿ ಏರಲಿಲ್ಲ. "ನೋಡಮ್ಮ, ನಾಳೆಯಿಂದ ಕಂಪ್ಯೂಟರ್ ವಿಶ್ವನೇ ನೋಡ್ಕಳ್ಲಿ. ನೀನು ಒಳಗಿನ್ ಕೆಲ್ಸ ನೋಡ್ಕೊ. ಎಲ್ರಿಗೂ ಎಲ್ಲಾ ಆಗಲ್ಲ."

ಸ್ಪಂದನಾ ತಲೆಯಾಡಿಸಿದಳು. ಅಳಲಿಲ್ಲ. ಮೇಜಿನ ಮೇಲೆ ಹರಡಿದ್ದ ತನ್ನ ಪೆನ್ನು, ಕಿವಿಗೆ ಹಾಕಿಕೊಳ್ಳುವ ವೈರು, ಆಲ್ಬಮ್ಮಿನ ಅಳತೆ ಬರೆದಿಟ್ಟ ಪುಟ್ಟ ಪುಸ್ತಕ, ಒಂದೊಂದಾಗಿ ಎತ್ತಿಕೊಳ್ಳತೊಡಗಿದಳು. ಪುಸ್ತಕ ಸುಮನಾಳ ಮೊಣಕೈ ಕೆಳಗೆ ಸಿಕ್ಕಿಕೊಂಡಿತ್ತು. "ಅಕ್ಕ, ಸ್ವಲ್ಪ" ಎಂದಳು.

ಹದಿನಾಲ್ಕು ಕಂಪ್ಯೂಟರು, ಹನ್ನೆರಡು ವರ್ಷದ ಹೆಸರು, ಎಲ್ಲ ಸರಿ. ಆದರೆ ಈ ಹುಡುಗಿ ಮಾಡದ ತಪ್ಪನ್ನು ಹೌದು ಎಂದು ಒಪ್ಪಿಕೊಂಡು ಪೆನ್ನು ಎತ್ತಿಕೊಳ್ಳುತ್ತಿದ್ದಾಳೆ. ಸುಮನಾ ಮೊಣಕೈ ಎತ್ತಲಿಲ್ಲ.

"ಸಾರ್, ಅವಳು ಬೇಗ ಕಿತ್ತಿದ್ದಕ್ಕೆ ಆಗಿದ್ದಲ್ಲ ಇದು. ಇಡೀ ದಿನ ಬಿಟ್ಟಿದ್ರೂ ಕಾಪಿ ಆಗ್ತಿರ್ಲಿಲ್ಲ."

"ಅಂದ್ರೆ?"

"ನಾನು ಒಂದನೇ ತಾರೀಖಿಗೆ ಅಂತ ಹಾಕ್ಬಿಟ್ಟಿದ್ದೆ. ನೀವು ಚುಚ್ಚೋದು ಅಮಾವಾಸ್ಯೆಗೆ. ಅದು ಒಂದನೇ ತಾರೀಖು ಹುಡುಕಿ, ಇಲ್ಲ ಅಂತ ಸುಮ್ನಾಗಿದೆ. ಐದು ತಿಂಗ್ಳೂ. ನಾನು ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ."

ಮುಚ್ಚಿದ್ದ ಪಟ್ಟಿಯನ್ನು ಮತ್ತೆ ತೆರೆದು ತೋರಿಸಿದಳು. ರುದ್ರಮೂರ್ತಿ ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು.

"ಮತ್ತೆ ನೀಲಿ ದೀಪ ಉರೀತಿತ್ತಲ್ಲವ್ವ?" ಎಂದರು ಗುರುಶಾಂತಮ್ಮ. "ನಾನೇ ನೋಡೀನಿ."

"ಕರೆಂಟ್ ಸಿಕ್ರೆ ಅದು ಉರಿಯುತ್ತೆ ಅಮ್ಮ. ಕಾಪಿ ಆದ್ರೂ ಉರಿಯುತ್ತೆ, ಆಗ್ದಿದ್ರೂ ಉರಿಯುತ್ತೆ."

ಗುರುಶಾಂತಮ್ಮ ಸೊಸೆಯ ಕಡೆ ನೋಡಿದರು, ಸೆರಗು ಸರಿಮಾಡಿಕೊಂಡರು. ಸ್ಪಂದನಾ ನೋಡುತ್ತಿದ್ದದ್ದು ಸುಮನಾಳನ್ನು.

"ಗೊತ್ತಾಗಿ ಎಷ್ಟೊತ್ತಾಯ್ತು ಅಕ್ಕ?"

ಇದೊಂದು ಪ್ರಶ್ನೆ ಬರುತ್ತದೆಂದು ಸುಮನಾ ಎಣಿಸಿರಲಿಲ್ಲ. "ಐದು ನಿಮಿಷ ಆಗಿರ್ಬೇಕು" ಎಂದಳು.

ಸ್ಪಂದನಾ ಪೆನ್ನನ್ನೂ ವೈರನ್ನೂ ಮೇಜಿನ ಮೇಲೆ ಮೊದಲಿದ್ದ ಕಡೆಯೇ ಇಟ್ಟಳು. ಸುಮನಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಸೊಸೈಟಿಯ ಮಾತನ್ನು ರುದ್ರಮೂರ್ತಿ ಮತ್ತೆ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಆಮೇಲೆ ಏನು ಉಳಿದಿದೆ ಎಂದು ಹುಡುಕುವ ಕೆಲಸ ಶುರುವಾಯಿತು. ಅದನ್ನು ಮಾಡಿದವಳು ಸ್ಪಂದನಾ. ಅಚ್ಚಿಗೆಂದು ಶಿವಮೊಗ್ಗಕ್ಕೆ ಕಳಿಸಿದ್ದ ನಾಲ್ಕು ಮದುವೆಗಳ ಆಲ್ಬಮ್ಮಿನ ಹಾಳೆಗಳು ಅವಳ ಇ-ಮೇಲ್‌ನಲ್ಲೇ ಇದ್ದವು. ಎರಡು ನಾಮಕರಣದ ಫೋಟೋಗಳು ಕ್ಯಾಮೆರಾದ ಕಾರ್ಡಿನಿಂದ ಇನ್ನೂ ಅಳಿಸಿರಲಿಲ್ಲ. ಉಳಿದದ್ದು ಶಿವನಿಯ ಕರಿಸಿದ್ದಪ್ಪನವರ ಮೊಮ್ಮಗಳ ಮದುವೆ. ಆಲ್ಬಮ್ಮಿನ ಮೊದಲ ಪುಟಕ್ಕೆ, ಸ್ಟುಡಿಯೋದ ಪರದೆಯಲ್ಲಿ ನೋಡಿದ್ದರಲ್ಲಿ ಯಾವ ಫೋಟೋ ಎಂದು ಬೀಗರು ಬೀಗರೊಳಗೆ ಒಮ್ಮತವಾಗದೆ ಮೂರು ತಿಂಗಳಿಂದ ಎಳೆದಾಡುತ್ತಿದ್ದರು. ಹಾಗಾಗಿ ಒಂದು ಹಾಳೆಯೂ ಎಲ್ಲಿಗೂ ಹೋಗಿರಲಿಲ್ಲ. ವಿಶ್ವನಾಥ್ ಆ ಮದುವೆ ತೆಗೆದಿದ್ದ ಕ್ಯಾಮೆರಾ ಕಾರ್ಡುಗಳನ್ನು ಅಳಿಸಿ ಬೇರೆ ನಾಲ್ಕು ಮದುವೆ ತೆಗೆದಾಗಿತ್ತು.

"ಅವ್ರಿಗೆ ಹೇಳೋರ್ಯಾರು?" ಎಂದರು ರುದ್ರಮೂರ್ತಿ, ಯಾರನ್ನೂ ನೋಡದೆ.

"ನಂಬರ್ ಕೊಡಿ" ಎಂದಳು ಸುಮನಾ.

ಸ್ಪಂದನಾ ನಂಬರ್ ಓದಿ ಹೇಳಿದಳು. ಮೂರನೆಯ ರಿಂಗಿಗೇ ಎತ್ತಿದರು.

"ಯಜಮಾನ್ರೇ, ಅಜ್ಜಂಪುರದ ಸ್ಟುಡಿಯೋದಿಂದ ಮಾತಾಡ್ತಿದೀನಿ. ನಾನು ಕಂಪ್ಯೂಟರ್ ರಿಪೇರಿಯವಳು, ಸುಮನಾ ಅಂತ."

"ಹೇಳವ್ವ. ಮೊದ್ಲನೇ ಪುಟದ್ದು ಇವತ್ತು ಇತ್ಯರ್ಥ ಮಾಡ್ತೀವಿ ಕಣವ್ವ. ಬೀಗರು ಒಪ್ಕಂಡ್ರು."

ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು. "ಅದಲ್ಲ ಯಜಮಾನ್ರೇ. ಮದುವೆ ಫೋಟೋ ಹೋಗ್ಬಿಟ್ಟಿದಾವೆ. ಸ್ಟುಡಿಯೋದವರ ತಪ್ಪಲ್ಲ. ನನ್ನಿಂದ ಆಗಿದ್ದು."

ಆ ಕಡೆ ಟೀವಿ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಯಾರೋ ಅದನ್ನು ಸಣ್ಣದು ಮಾಡಿದರು.

"ಎಲ್ಲಾವೂನಾ?"

"ಎಲ್ಲಾವೂ."

"ಒಂದೂ ಇಲ್ವಾ?"

"ಇಲ್ಲ ಯಜಮಾನ್ರೇ."

ಬೈಗುಳ ಬರುತ್ತದೆಂದು ಅವಳು ಕಾದಳು. ಬಂದಿದ್ದರೆ ಹಗುರಾಗುತ್ತಿತ್ತು. ಕರಿಸಿದ್ದಪ್ಪ ಬೈಯಲಿಲ್ಲ. "ಮೊಮ್ಮಗ್ಳು ಭವ್ಯ ಇಲ್ಲೇ ಬಂದವ್ಳೆ, ಗಂಡನ್ ಮನೆಯಿಂದ" ಎಂದರು. "ನನ್ ಕೈಲಿ ಆಗಲ್ಲ ಕಣವ್ವ. ತಡಿ, ಕೊಡ್ತೀನಿ. ನೀನೇ ಹೇಳು ಅವ್ಳಿಗೆ."

ಫೋನು ಮನೆಯೊಳಗೆ ಸಾಗುವ ಸದ್ದು ಕೇಳಿಸಿತು. ಚಪ್ಪಲಿ ಎಳೆದ ಸದ್ದು, ಒಂದು ಬಾಗಿಲು, ಕುಕ್ಕರಿನ ಸೀಟಿ. "ಯಾರಜ್ಜ?" ಎಂದು ದೂರದಲ್ಲಿ ಹುಡುಗಿಯೊಬ್ಬಳ ದನಿ ನಗುನಗುತ್ತಾ ಕೇಳಿತು.

ಸ್ಪಂದನಾ ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಹೊರಗೆಳೆದು ಸುಮನಾಳ ಕಡೆ ತಳ್ಳಿದಳು.