ಹನ್ನೊಂದನೆಯ ಕೆಂಪು

ಆ ವಿಶ್ವವಿದ್ಯಾಲಯದ ಬಣ್ಣ ಕಡುಗೆಂಪು ಎಂದು ಎಲ್ಲರಿಗೂ ಗೊತ್ತಿತ್ತು. ಯಾವ ಕಡುಗೆಂಪು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ವೆಬ್‌ಸೈಟಿನಲ್ಲಿ ಅದು ಬೀಟ್‌ರೂಟ್, ಪ್ರವೇಶದ ಕೈಪಿಡಿಯಲ್ಲಿ ಇಟ್ಟಿಗೆ, ಪದವಿ ಪ್ರಮಾಣಪತ್ರದಲ್ಲಿ ತುಕ್ಕು. ಕಾನೂನು ವಿಭಾಗದ ಮುಖ್ಯಸ್ಥರಂತೂ ಊರಿಗೊಂದು ದಾರಿಯಾದರೆ ತಮಗೊಂದು ದಾರಿ ಎಂದು ಲೆಟರ್‌ಹೆಡ್ಡನ್ನು ನೇರಳೆಯಲ್ಲಿ ಹಾಕಿಸಿಕೊಂಡಿದ್ದರು. ಇದನ್ನೆಲ್ಲ ಒಂದು ಹದಕ್ಕೆ ತರುವ ಕೆಲಸ ಪ್ರಕಟಣಾ ವಿಭಾಗದ ವಿನ್ಯಾಸಕಿಯ ಕೊರಳಿಗೆ ಬಿತ್ತು.

ಅವಳು ಮೂರು ವಾರ ಕೂತು ಒಂದು ಕೆಂಪನ್ನು ಆರಿಸಿದಳು. ಪರದೆಗೊಂದು ಬಣ್ಣದ ಸಂಖ್ಯೆ, ನುಣುಪು ಕಾಗದಕ್ಕೊಂದು, ಒರಟು ಕಾಗದಕ್ಕೆ ಇನ್ನೊಂದು. ಕಣ್ಣಿಗೆ ಮಾತ್ರ ಮೂರೂ ಒಂದೇ ಆಗಿ ಕಾಣಬೇಕು. ಆ ಸಂಖ್ಯೆಗಳನ್ನು ಕೆಳಗೆ ಬರೆದ ಮಾದರಿ ಹಾಳೆಯನ್ನು ಕುಲಸಚಿವರ ಮೇಜಿನ ಮೇಲಿಟ್ಟಳು. ಅದಕ್ಕೆ ಒಪ್ಪಿಗೆ ಸಿಗುವತನಕ ಯಾವ ವಿಭಾಗವೂ ಏನನ್ನೂ ಮುದ್ರಿಸಬಾರದೆಂದು ಆಗಲೇ ಅವರಿಂದ ಸುತ್ತೋಲೆ ಹೊರಟಿತ್ತು.

ಕುಲಸಚಿವರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಚೆನ್ನಾಗಿದೆಯಮ್ಮ. ಆದ್ರೆ ಸ್ವಲ್ಪ ಗಂಭೀರವಾಗ್ಬೇಕು."

ಗಂಭೀರ ಮಾಡಿದಳು. "ಈಗ ಮುಖ ಸಿಂಡರಿಸಿದ ಹಾಗಿದೆ, ಸ್ವಲ್ಪ ನಗಲಿ" ಎಂದರು. ನಗಿಸಿದಳು. "ಇಷ್ಟು ನಗೋದು ಬೇಡ" ಎಂದರು. ಏಳನೆಯ ಮಾದರಿಯ ಹೊತ್ತಿಗೆ ಎರಡು ತಿಂಗಳು ಕಳೆದು, ತಟ್ಟೆಯಲ್ಲಿ ಟೊಮೆಟೊ ಕಂಡರೂ ಅವಳ ಮೈ ಉರಿಯುತ್ತಿತ್ತು.

ಮನೆಯಲ್ಲಿ ಮಾವ ಇದ್ದರು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಶಾಯಿ ಕಲಸಿ ನಿವೃತ್ತರಾದವರು. ಸೊಸೆಯ ಗೋಳು ಕೇಳಿ ಮೀಸೆಯಡಿ ನಕ್ಕರು.

"ನಮ್ಮ ಹತ್ರಾನೂ ಇಂಥವರು ಬರ್ತಿದ್ರಮ್ಮ. ಬಣ್ಣ ಬದಲಾಯಿಸು ಅಂದ್ರೆ ಆಯ್ತು ಅಂತ ಮೆಷಿನ್ ಹಿಂದೆ ಹೋಗಿ, ಒಂದು ಟೀ ಕುಡಿದು, ಅದೇ ಹಾಳೆ ತಂದು ತೋರಿಸ್ತಿದ್ದೆ. ಈಗ ಸರಿಹೋಯ್ತು ನೋಡು ಅಂತಿದ್ರು."

"ಸಿಕ್ಕಿಬಿದ್ರೆ, ಮಾವ?"

"ಒಂದೆರಡು ಸಲ ಟೀಗೆ ನಾಲಗೆ ಸುಟ್ಟಿದ್ದು ಬಿಟ್ರೆ ನನಗೇನೂ ಆಗಿಲ್ಲ."

ಮರುದಿನದಿಂದ ಅವಳು ಮೊದಲನೆಯ ಮಾದರಿಯನ್ನೇ ತಾರೀಖು ಬದಲಿಸಿ ಕಳಿಸತೊಡಗಿದಳು. ಎಂಟನೆಯದನ್ನು ಅವರು ಸಪ್ಪೆ ಎಂದರು, ಒಂಬತ್ತನೆಯದನ್ನು ಖಾರ ಎಂದರು. ಹತ್ತನೆಯದರ ಬಗ್ಗೆ ಒಂದು ತಿಂಗಳು ಮಾತೇ ಇಲ್ಲ. ಹನ್ನೊಂದನೆಯದನ್ನು ಕಂಡು "ಇದೇ, ಇದೇ" ಎಂದು ಸಹಿ ಹಾಕಿದರು.

ನಗು ತಡೆಯಲು ಅವಳು ಕೆನ್ನೆಯನ್ನು ಒಳಗಿಂದ ಕಚ್ಚಿಕೊಂಡು ಬಾಗಿಲತನಕ ಹೋದಳು.

"ಮೊದಲ್ನೇದೂ ಇದೇ ಅಲ್ವೇನಮ್ಮ?" ಎಂದರು ಕುಲಸಚಿವರು ಹಿಂದಿನಿಂದ.

ಅವಳು ಬಾಗಿಲ ಹಿಡಿ ಬಿಟ್ಟು ತಿರುಗಿದಳು.

"ನೀನು ತಾರೀಖು ಬದಲಾಯಿಸ್ದೆ, ಕೆಳಗಿನ ಬಣ್ಣದ ಸಂಖ್ಯೆ ಬದಲಾಯಿಸೋದು ಮರೆತೆ. ಬಣ್ಣ ಗೊತ್ತಾಗದಿದ್ರೂ ನನಗೆ ಅಂಕಿ ಓದೋಕೆ ಬರತ್ತೆ."

"ಮತ್ತೆ ಯಾಕೆ ಸಾರ್ ಇಷ್ಟು ದಿನ...?"

"ಅವತ್ತೇ ಸಹಿ ಹಾಕಿದ್ರೆ ಎಲ್ರೂ ಬೀರು ತುಂಬ ಹಳೇ ಲೆಟರ್‌ಹೆಡ್ ಇಟ್ಕೊಂಡು, ಇದು ಮುಗೀಲಿ ಆಮೇಲೆ ನೋಡೋಣ ಅಂತಿದ್ರು. ಮುಗೀತಾ ಬಂದ ಹಾಗೆ ಗುಟ್ಟಾಗಿ ಇನ್ನಷ್ಟು ಹಾಕಿಸ್ತಿದ್ರು. ವೆಬ್‌ಸೈಟ್ ಒಂದು ದಿನದ ಕೆಲಸ, ಕಾಗದ ಹಾಗಲ್ಲಮ್ಮ. ನಾಲ್ಕು ತಿಂಗಳು ಮುದ್ರಣ ನಿಲ್ಲಿಸಿದ್ದಕ್ಕೆ ನೋಡು, ಕಾನೂನಿನೋರು ನಿನ್ನೆ ಬರೆದಿದ್ದು."

ಅವರು ಎತ್ತಿ ತೋರಿಸಿದ್ದು ಬರೀ ಬಿಳಿ ಹಾಳೆ. ವಿಭಾಗದ ಹೆಸರನ್ನು ಮೇಲ್ಗಡೆ ಪೆನ್ನಿನಲ್ಲಿ ಬರೆದಿದ್ದರು. ಯಾವ ಬಣ್ಣವಾದರೂ ಸರಿ, ಬೇಗ ಕೊಡಿ ಎಂದು ಕೇಳಿಕೊಂಡಿದ್ದರು.

ಸಂಜೆ ಸುದ್ದಿ ಕೇಳಿದ ಮಾವ, "ನೀನು ಚಾಪೆ ಕೆಳಗೆ ತೂರಿದ್ರೆ ಆ ಮನುಷ್ಯ ರಂಗೋಲಿ ಕೆಳಗೆ ತೂರಿದಾನೆ" ಎಂದು ತಲೆದೂಗಿದರು.

ವಾರದೊಳಗೆ ವೆಬ್‌ಸೈಟ್ ಬದಲಾಯಿತು, ಕಾಗದದ ಕಟ್ಟುಗಳೂ ಬಂದವು. ಅವಳು ಕಿಟಕಿಯ ಬಳಿ ಲೆಟರ್‌ಹೆಡ್ಡಿನ ಪಕ್ಕ ಫೋನು ಹಿಡಿದು ನೋಡಿದಳು: ಎರಡೂ ಒಂದೇ ಕೆಂಪು. ಅಷ್ಟರಲ್ಲಿ ಕಾನೂನು ವಿಭಾಗದ ಮುಖ್ಯಸ್ಥರು ಖುದ್ದಾಗಿ ಬಂದು ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು.

"ನೋಡಮ್ಮ, ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಬಣ್ಣ ಇರ್ಬೇಕು ಅಂತ ನಾನು ಮೊದಲಿಂದ್ಲೂ ಹೇಳ್ತಾ ಬಂದಿದೀನಿ."

"ಹೌದು ಸಾರ್" ಎಂದು ಅವಳು ಎರಡು ಕಟ್ಟು ಎತ್ತಿ ಅವರ ಕೈಗಿಟ್ಟಳು.