ಬಿಸಿಬೇಳೆಬಾತಿಗೆ ಬೀಳದ ಒಗ್ಗರಣೆ

ನಾನೊಂದು ಒಗ್ಗರಣೆ ಸೌಟು. ಅಪ್ಪಟ ಕಬ್ಬಿಣದ್ದು. ನನಗೆ ಸಿಟ್ಟು ಬೇಗ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬದುಕೆಲ್ಲ ಉರಿಯ ಮೇಲೆ ಕಳೆದವರಿಗೆ ಸಿಟ್ಟು ಬಾರದೆ ಇನ್ನು ಯಾರಿಗೆ ಬರಬೇಕು?

ನಾನು ಹುಟ್ಟಿದ್ದು ತುಮಕೂರಿನ ಹೊರಗಿನ ಒಂದು ಕುಲುಮೆಯಲ್ಲಿ. ಅದಕ್ಕೂ ಮುಂಚೆ ಎತ್ತಿನ ಗಾಡಿಯ ಚಕ್ರಕ್ಕೆ ಬಿಗಿದ ಪಟ್ಟಿಯಾಗಿ ಊರೂರು ಸುತ್ತಿದ್ದೆ. ಕಮ್ಮಾರ ನನ್ನನ್ನು ಕಾಯಿಸಿ, ಬಡಿದು, ಗುಂಡಗಿನ ಬಟ್ಟಲು ಮಾಡಿ, ಉದ್ದನೆಯ ಹಿಡಿ ಎಳೆದು, ತುದಿಗೊಂದು ಕೊಕ್ಕೆ ಬಗ್ಗಿಸಿದ. ಸಂತೆಯಲ್ಲಿ ಪುಟ್ಟಗೌರಮ್ಮ ಎಂಬಾಕೆ ನನ್ನನ್ನು ಬೆರಳಿನಿಂದ ಟಣ್ಣೆನಿಸಿ ನೋಡಿ, ಚೌಕಾಸಿ ಮಾಡಿ, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು.

ಆ ಮನೆಯಲ್ಲಿ ಕಂಡದ್ದನ್ನು ನೆನೆದರೆ ಇವತ್ತಿಗೂ ಮೈ ಕಾಯುತ್ತದೆ. ನನ್ನಿಂದ ಚುರ್ ಎಂದು ಒಗ್ಗರಣೆ ಬಿದ್ದ ಸಾರು ಮೊದಲು ಗಂಡಸರ ತಟ್ಟೆಗೆ, ಆಮೇಲೆ ಮಕ್ಕಳ ತಟ್ಟೆಗೆ. ಎಲ್ಲರೂ ಕೈ ತೊಳೆದು ಎದ್ದ ಮೇಲೆ ಪುಟ್ಟಗೌರಮ್ಮ ಪಾತ್ರೆಯ ತಳ ಕೆರೆದು, ಆರಿದ ಅನ್ನಕ್ಕೆ ಆರಿದ ಸಾರು ಸುರಿದುಕೊಂಡು ಒಲೆಯ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. ಉರಿಯ ಮುಂದೆ ನಿಂತವಳ ತಟ್ಟೆಯಲ್ಲೇ ಬಿಸಿ ಇಲ್ಲ! ಇದು ಯಾವ ಸೀಮೆಯ ನ್ಯಾಯ? ಮಗ ಶಿವನಂಜಪ್ಪನ ಕೈಹಿಡಿದು ಸರ್ವಮಂಗಳ ಸೊಸೆಯಾಗಿ ಬಂದಾಗ ಅತ್ತೆ ನನ್ನನ್ನು ಅವಳ ಕೈಗಿಟ್ಟು, "ಇನ್ಮೇಲೆ ಇದು ನಿಂದು ಕಣಮ್ಮ" ಎಂದಳು. ಸೌಟಿನ ಜೊತೆಗೆ ಆರಿದ ಊಟವೂ ಸೊಸೆಯ ಪಾಲಿಗೆ ಬಂತು.

ಸರ್ವಮಂಗಳ ಬೀದಿಗೆಲ್ಲ ಅಡುಗೆ ಕಲಿಸಿದವಳು. ಹೊಸದಾಗಿ ಮದುವೆಯಾದ ಹುಡುಗಿಯರೆಲ್ಲ ಬಂದು ಹುಳಿಪುಡಿಯ ಹದ ಕೇಳಿಕೊಂಡು ಹೋಗುತ್ತಿದ್ದರು. ಅವಳಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಅತ್ತೆ ಬೈದಳು, ಇವಳು ಕಲಿತಳು, ಅಷ್ಟೇ. ಅತ್ತೆ ತೀರಿಕೊಂಡು, ಮಗಳ ಮದುವೆಯೂ ಆದ ಮೇಲೆ ಒಂದು ಮಧ್ಯಾಹ್ನ ಅವಳು ಫೋನಿನಲ್ಲಿ ವಿಯೆಟ್ನಾಂ ದೇಶದ ಒಂದು ವಿಡಿಯೊ ನೋಡಿದಳು. ಕುದಿಯುವ ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಅದರ ಮೇಲೆ ಅಕ್ಕಿ ಹಿಟ್ಟನ್ನು ತೆಳ್ಳಗೆ ಸವರಿ, ಮುಚ್ಚಳ ಮುಚ್ಚಿ ತೆಗೆದು, ಹಾಳೆಯಂತಾದ ಹಿಟ್ಟನ್ನು ಬಿದಿರು ಕಡ್ಡಿಯಿಂದ ಹರಿಯದಂತೆ ಎತ್ತುವ ಒಬ್ಬ ಮುದುಕಿ. ಸರ್ವಮಂಗಳ ಅದನ್ನು ಮತ್ತೆ ಮತ್ತೆ ನೋಡಿದಳು. ಗಂಡನ ಹಳೇ ಪಂಚೆ ಹರಿದು ಪಾತ್ರೆಗೆ ಕಟ್ಟಿ ತಾನೂ ಪ್ರಯತ್ನಿಸಿದಳು. ಹಾಳೆ ಪ್ರತಿ ಸಲವೂ ಚಿಂದಿಯಾಯಿತು. ಹತ್ತಿರ ಕೂತು ಕೈಯಿಂದಲೇ ಕಲಿಯಬೇಕು ಎಂಬ ಆಸೆ ಅವಳೊಳಗೆ ಬೇರುಬಿಟ್ಟಿತು.

"ಅಡುಗೆ ಕಲಿಯೋಕೆ ಫಾರಿನ್ನಿಗೆ ಹೋಗ್ಬೇಕೇನೇ? ಇಷ್ಟು ವರ್ಷ ನೀನು ಮಾಡಿದ್ದೇನು ಹಾಗಾದ್ರೆ?" ಎಂದು ಶಿವನಂಜಪ್ಪ ನಕ್ಕ. ನಾನು ಗೋಡೆಯ ಮೊಳೆಗೆ ನೇತಾಡುತ್ತಿದ್ದೆ. ಕಳಚಿ ಅವನ ತಲೆಯ ಮೇಲೆ ಬೀಳೋಣ ಅನ್ನಿಸಿತು.

ಅವಳು ಬಿಡಲಿಲ್ಲ. ಸಂಡಿಗೆ, ಸಾರಿನ ಪುಡಿ ಮಾರಿ ಒಂದಿಷ್ಟು ಕೂಡಿಟ್ಟಿದ್ದಳು. ವಿದೇಶದಲ್ಲಿ ಅಡುಗೆ ಕಲಿಸುವ ಪ್ರವಾಸಗಳನ್ನು ಫೋನಿನಲ್ಲಿ ಹುಡುಕಿದಳು. ಇಟಲಿಯದ್ದು ಕೈಗೆಟುಕುವ ಮಾತೇ ಅಲ್ಲ. ಕಡೆಗೆ ಪೇಪರಿನ ನಡುವೆ ಒಂದು ಬಣ್ಣದ ಹಾಳೆ ಬಂತು. ಪಾಕಶ್ರೀ ಪ್ರವಾಸ ಅನ್ನುವವರದ್ದು. ವಿಯೆಟ್ನಾಂ, ವಿಡಿಯೊದಲ್ಲಿದ್ದಂಥದೇ ಒಬ್ಬ ಮುದುಕಿಯ ಮನೆಯಲ್ಲಿ ಸಸ್ಯಾಹಾರಿ ಅಡುಗೆ ತರಗತಿ, ಜೇಬಿಗೆ ಹಗುರ, ಗಂಡ ಹೆಂಡತಿ ಜೊತೆಯಾಗಿ ಬಂದರೆ ಇನ್ನೂ ಹಗುರ. ಹೊಟ್ಟೆಯ ಚಿಂತೆ ಬೇಡ, ಊಟಕ್ಕೆ ನಮ್ಮೂರ ಅನ್ನ ಸಾರು ಎಂದೂ ಬರೆದಿತ್ತು. ಅನ್ನ ಸಾರಿನ ಮಾತು ಕಂಡದ್ದೇ ಶಿವನಂಜಪ್ಪ ಹೊರಟು ನಿಂತ. ಇಷ್ಟು ಅಗ್ಗಕ್ಕೆ ಆ ಸಾರನ್ನು ಯಾರು ಮಾಡುತ್ತಾರೆ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ!

ಹೊರಡುವಾಗ ಸರ್ವಮಂಗಳ ಒಂದು ತಪ್ಪು ಮಾಡಿದಳು. ಆ ದೇಶದ ಸೌಟುಗಳೆಲ್ಲ ಮೀನು ಮುಟ್ಟಿರುತ್ತವೆ ಎಂದುಕೊಂಡು, ಸಾರಿನ ಪುಡಿ, ಇಂಗಿನ ಡಬ್ಬಿಯ ಜೊತೆಗೆ ನನ್ನನ್ನೂ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯ ತೂಕ ಹೆಚ್ಚಾಯಿತು. ನೆಲದ ಮೇಲೆ ಅದನ್ನು ಬಿಚ್ಚಿ ಸಾಮಾನು ತೆಗೆಯುವಾಗ ನಾನು ಉರುಳಿ ಹೊರಗೆ ಬಿದ್ದೆ. ಪ್ರವಾಸದ ಮೇಲ್ವಿಚಾರಕ ನಿರಂಜನ ಅಲ್ಲೇ ನಿಂತಿದ್ದ.

"ಅಕ್ಕಾ, ಒಗ್ಗರಣೆ ಸೌಟೇ ತಂದಿದ್ದೀರಾ! ನಿಮ್ಮಂಥೋರು ಇದ್ರೆ ನಮ್ಗೆ ಆನೆಬಲ ಕಣಕ್ಕಾ" ಎಂದ. ಅವನ ಕಣ್ಣು ಮಿಂಚಿದ ಬಗೆ ನನಗೆ ಆಗಲೇ ಹಿಡಿಸಲಿಲ್ಲ.

ಇಳಿದದ್ದು ನದಿ ದಡದ ಒಂದು ಹಳೇ ಊರಿನಲ್ಲಿ. ಆ ಬೆಳಿಗ್ಗೆಯೇ ಬಣ್ಣ ಬಯಲಾಯಿತು. ಅಡುಗೆಯವರಿಗೆ ವೀಸಾ ಸಿಗಲಿಲ್ಲವಂತೆ. ಶುದ್ಧ ಸುಳ್ಳು! ಅಡುಗೆಯವರು ಎಂದು ಯಾರೂ ಇರಲೇ ಇಲ್ಲ. ನಿರಂಜನ ಹೋಟೆಲಿನ ಹಿಂದಿನ ಅಡುಗೆಮನೆಯಲ್ಲಿ ಎಲ್ಲರನ್ನೂ ಸೇರಿಸಿ, "ಇವತ್ತಿಂದ ನಮ್ಮ ಅಡುಗೆ ತರಗತಿ ಶುರು. ಮೊದಲ ಪಾಠ ಚಿತ್ರಾನ್ನ. ಸರ್ವಮಂಗಳಕ್ಕ ಹೇಳಿಕೊಡ್ತಾರೆ" ಎಂದು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಅವಳು ನನ್ನನ್ನು ಹಿಡಿದು ನಿಂತಿರುವ ಫೋಟೊ ತೆಗೆದರು. ಫೋಟೊ ಆದದ್ದೇ ತಡ, ಎಲ್ಲರೂ ದೋಣಿ ಹತ್ತಲು ಹೋದರು. ಅವಳು ಈರುಳ್ಳಿ ಹೆಚ್ಚುತ್ತಾ ಉಳಿದಳು.

ಅವಳು ಶಿವನಂಜಪ್ಪನ ಮುಖ ನೋಡಿದ್ದಳು, ಅವನೊಂದು ಮಾತು ಆಡಲಿ ಎಂದು. ಅವನು ಆಡಿದ. "ನಮ್ಮನೆಯವಳು ಮಾಡ್ತಾಳೆ ಬಿಡ್ರಿ, ಅದೇನ್ ಮಹಾ" ಎಂದು ನಿರಂಜನನಿಗೆ ಭರವಸೆ ಕೊಟ್ಟ.

ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆಗೆ ಬೋಂಡ. ಆ ಮುದುಕಿಯ ತರಗತಿ ಯಾವಾಗ ಎಂದರೆ ನಾಳೆ, ನಾಳೆ. ಹೋಟೆಲಿನ ಕಿಟಕಿಯಿಂದ ನದಿಯ ಒಂದು ತುಣುಕು ಕಾಣುತ್ತಿತ್ತು. ಅವಳು ನೋಡಿದ ವಿಯೆಟ್ನಾಂ ಅಷ್ಟೇ. ತನ್ನ ಕಾಸು ಕೊಟ್ಟು ವಿಮಾನ ಹತ್ತಿ ಬಂದು ಬಿಟ್ಟಿ ಚಾಕರಿ ಮಾಡುವುದು ಎಂದರೇನು? ಇನ್ನೂ ಹೊಟ್ಟೆ ಉರಿಯುವ ಸಂಗತಿ ಎಂದರೆ, ಇದಕ್ಕೆಲ್ಲ ಕಾರಣ ನಾನು. ನಾನು ಉರುಳಿ ಬೀಳದಿದ್ದರೆ ಅವನ ಕಣ್ಣು ಅವಳ ಮೇಲೆ ಬೀಳುತ್ತಿತ್ತೇ?

ಕಡೆಯ ದಿನ ಬಂತು. ತರಗತಿ ಅವತ್ತೇ, ಅದು ತಪ್ಪಿದರೆ ಇಲ್ಲ. ಉಳಿದವರು ಆಗಲೇ ಅಲ್ಲಿಗೆ ಹೊರಟುಹೋಗಿದ್ದರು. ಬೀಳ್ಕೊಡುಗೆಯ ಊಟಕ್ಕೆ ಬಿಸಿಬೇಳೆಬಾತ್ ಆಗಬೇಕು ಎಂದಿದ್ದರಿಂದ ಸರ್ವಮಂಗಳ ಎಲ್ಲ ಕುದಿಸಿಟ್ಟು, ನನ್ನಲ್ಲಿ ಎಣ್ಣೆ ಸುರಿದು ಒಲೆಯ ಮೇಲಿಟ್ಟು ಸಾಸಿವೆ ಹಾಕಿದ್ದಳು. ಸೀರೆಯ ಮೇಲೆ ಹೊಸ ಶಾಲು ಹೊದ್ದು, ಚಪ್ಪಲಿಯನ್ನೂ ಹಾಕಿಕೊಂಡಿದ್ದಳು. ಆಗ ನಿರಂಜನ ತಲೆ ಹಾಕಿದ.

"ಅಕ್ಕಾ, ಹಂಗೇ ಒಂದಷ್ಟು ಹಪ್ಪಳ ಕರಿದುಬಿಡಿ. ಆ ಮುದುಕಿ ಕ್ಲಾಸು ಎಲ್ಲಿ ಹೋಗುತ್ತೆ, ಫೋನಲ್ಲೇ ಇದ್ಯಲ್ಲ!"

ಅವಳು ಬಾಗಿಲ ಬಳಿ ಕುರ್ಚಿಯಲ್ಲಿದ್ದ ಗಂಡನ ಕಡೆ ತಿರುಗಿದಳು. "ರೀ, ನೀವೇನಂತೀರಿ?"

"ಹಪ್ಪಳ ತಾನೇ? ಕರಿದುಬಿಡು. ಎಷ್ಟೊತ್ತು ಬೇಕು ಅದಕ್ಕೆ?"

ನನ್ನೊಳಗೆ ಎಣ್ಣೆ ಕಾಯುತ್ತಿತ್ತು, ಸಾಸಿವೆ ಇನ್ನೂ ಸಿಡಿದಿರಲಿಲ್ಲ. ಸರ್ವಮಂಗಳ ಗಂಡನನ್ನು ಎಬ್ಬಿಸಿ ಒಲೆಯ ಮುಂದೆ ನಿಲ್ಲಿಸಿ, ನನ್ನ ಹಿಡಿಯನ್ನು ಅವನ ಕೈಗೆ ಕೊಟ್ಟಳು.

"ಹಿಡ್ಕೊಳ್ಳಿ. ಸಾಸಿವೆ ಸಿಡಿದ್ಮೇಲೆ ಮೆಣಸಿನಕಾಯಿ, ಆಮೇಲೆ ಇಂಗು. ಅವಸರ ಮಾಡ್ಬೇಡಿ."

"ಎಲ್ಲಿಗೇ ಹೊರಟೆ?"

"ಕಲಿಯೋಕೆ."

ಹೋಗಿಯೇಬಿಟ್ಟಳು! ಗಾಡಿ ಚಕ್ರದಲ್ಲಿ ತಿರುಗಿದ ಕಾಲದಿಂದ ನಾನು ಅಷ್ಟು ಖುಷಿಪಟ್ಟಿರಲಿಲ್ಲ. ಶಿವನಂಜಪ್ಪನಿಗೆ ಸೌಟು ಹಿಡಿದು ಗೊತ್ತಿದ್ದರಲ್ಲವೇ? ಸಾಸಿವೆ ಚಟಪಟ ಎನ್ನುತ್ತಲೇ ಬೆಚ್ಚಿಬಿದ್ದ. ಇಂಗಿನ ಡಬ್ಬಿಯನ್ನು ಬುಡಮೇಲು ಮಾಡಿದ. ಮೆಣಸಿನಕಾಯಿ ಕಪ್ಪಾಗಿ ಘಾಟೆದ್ದು, ನಿರಂಜನ ಕೆಮ್ಮುತ್ತಾ ಅಂಗಳಕ್ಕೆ ಓಡಿದ. ಚಾವಣಿಯ ಹೊಗೆ ಗಂಟೆ ಕಿರುಚಿಕೊಂಡಿತು. ಹೋಟೆಲಿನವರು ಒಲೆ ಆರಿಸಿ ಇಬ್ಬರ ಮೇಲೂ ಕೂಗಾಡಿದರು. ಶಿವನಂಜಪ್ಪನಿಗೆ ತೋಚಿದ್ದು ಒಂದೇ. ಸೀದ ಒಗ್ಗರಣೆಯನ್ನು ಮೋರಿಗೆ ಚೆಲ್ಲಿ, ನನ್ನನ್ನು ಹಿಡಿದುಕೊಂಡೇ ಹೆಂಡತಿಯನ್ನು ಹುಡುಕುತ್ತಾ ಬೀದಿಗೆ ಬಿದ್ದ.

ಮುದುಕಿಯ ಹೆಸರು ಹ್ವಾ. ನಮ್ಮವರು ಹೋವಮ್ಮ ಎನ್ನುತ್ತಿದ್ದರು. ಅವಳ ಮನೆಯ ಜಗುಲಿಯಲ್ಲಿ ಪಾತ್ರೆ ಕುದಿಯುತ್ತಿತ್ತು, ಬಟ್ಟೆ ಬಿಗಿದಿತ್ತು. ಸರ್ವಮಂಗಳ ಬಿದಿರು ಕಡ್ಡಿ ಹಿಡಿದು ಬಾಗಿದ್ದಳು. ಹೋವಮ್ಮನ ಕೈ ಅವಳ ಮುಂಗೈ ಮೇಲಿತ್ತು.

"ಮಂಗಳಾ, ಎಲ್ಲ ಸೀದೋಯ್ತು ಕಣೇ, ಬಾ ಬೇಗ!"

ಅವಳು ತಿರುಗಲಿಲ್ಲ. ಕಡ್ಡಿಯನ್ನು ಹಾಳೆಯ ಅಡಿಗೆ ಮೆಲ್ಲಗೆ ತೂರಿಸಿದಳು. ಹೋವಮ್ಮ ತನ್ನ ಕೈ ತೆಗೆದಳು. ಹಾಳೆ ಎದ್ದಿತು. ಒಂದು ಕಡೆಯೂ ಹರಿಯಲಿಲ್ಲ!

ಹೋವಮ್ಮ ಅದನ್ನು ತಟ್ಟೆಗಿಳಿಸಿ, ಒಳಗೆ ಅಣಬೆ ಇಟ್ಟು ಸುರುಳಿ ಸುತ್ತಿದಳು. ಆಮೇಲೆ ಶಿವನಂಜಪ್ಪನ ಕೈಯಿಂದ ನನ್ನನ್ನು ಕಿತ್ತುಕೊಂಡು, ಮಸಿಯೆಲ್ಲ ಹೋಗುವಂತೆ ತಿಕ್ಕಿ ತೊಳೆದು, ಎಣ್ಣೆ ಕಾಯಿಸಿ ಹೆಚ್ಚಿದ ಈರುಳ್ಳಿ ಎಲೆಯ ಮೇಲೆ ಚುರ್ ಎನಿಸಿದಳು. ಅದನ್ನು ಸುರುಳಿಯ ಮೇಲೆ ಸುರಿದು ತಟ್ಟೆಯನ್ನು ಸರ್ವಮಂಗಳಳ ಮುಂದಿಟ್ಟಳು. ಸರ್ವಮಂಗಳಳ ಕೈ ತಾನೇ ತಾನಾಗಿ ತಟ್ಟೆಯನ್ನು ಗಂಡನ ಕಡೆ ಸರಿಸಿತು. ಹೋವಮ್ಮ ಹುಬ್ಬು ಗಂಟಿಕ್ಕಿ, ಅದನ್ನು ಎಳೆದು ಮತ್ತೆ ಅವಳ ಮುಂದೆಯೇ ಇಟ್ಟು, ಬಾಯಿಗೆ ಕೈ ತೋರಿಸಿ ಗದರಿದಳು. ಸರ್ವಮಂಗಳ ತಿಂದಳು. ಆವಿ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಶಿವನಂಜಪ್ಪ ನಿಂತೇ ನೋಡಿದ.

ಹೊರಡುವಾಗ ಹೋವಮ್ಮ ನನ್ನನ್ನು ಒರೆಸಿ ಹಿಂದಕ್ಕೆ ಕೊಡಲು ಬಂದಳು. ಸರ್ವಮಂಗಳ ಅವಳ ಬೆರಳುಗಳನ್ನು ನನ್ನ ಹಿಡಿಯ ಸುತ್ತ ಮಡಿಸಿ, ತಾನು ಬಿದಿರು ಕಡ್ಡಿಯನ್ನು ಎತ್ತಿಕೊಂಡಳು.

"ಅದು ನಮ್ಮಮ್ಮನ ಸೌಟು ಕಣೇ!" ಎಂದ ಶಿವನಂಜಪ್ಪ.

"ಗೊತ್ತು. ಅವರೂ ಒಂದು ದಿನಾನೂ ಬಿಸಿಯಾಗಿ ಉಣ್ಣಲಿಲ್ಲ."

ಅವಳು ಮುಂದೆ ನಡೆದಳು, ಅವನು ಹಿಂದೆ.

ಈಗ ನಾನು ಹೋವಮ್ಮನ ಜಗುಲಿಯ ಕಂಬಕ್ಕೆ ನೇತಾಡುತ್ತೇನೆ. ವಯಸ್ಸಾಯಿತು, ಬಟ್ಟಲು ಸವೆದಿದೆ, ಕೊಕ್ಕೆ ಸಡಿಲವಾಗಿದೆ. ಇಂಗಿನ ವಾಸನೆ ಮೈಯಿಂದ ಹೋಗಿ ಎಷ್ಟೋ ಕಾಲವಾಯಿತು. ಬಿಟ್ಟುಹೋದಳಲ್ಲ ಎಂದು ಅವಳ ಮೇಲೆ ಸಿಟ್ಟು ಬರಬೇಕಿತ್ತು. ಎಲ್ಲರ ಮೇಲೂ ಬರುವ ಸಿಟ್ಟು ಅವಳ ಮೇಲೆ ಮಾತ್ರ ಬಂದಿಲ್ಲ. ಇಲ್ಲಿಗೆ ಎಲ್ಲೆಲ್ಲಿಂದಲೋ ಹೆಂಗಸರು ಕಲಿಯಲು ಬರುತ್ತಾರೆ. ಯಾವ ದೇಶದವಳೇ ಆಗಲಿ, ಹಾಳೆ ಎತ್ತಿದ ಕೂಡಲೇ ತಟ್ಟೆಯನ್ನು ಪಕ್ಕದವರ ಕಡೆ ಸರಿಸುತ್ತಾಳೆ. ಹೋವಮ್ಮ ಗದರಿ ಅದನ್ನು ವಾಪಸು ಎಳೆಯುತ್ತಾಳೆ. ಆಮೇಲೆ ನನ್ನನ್ನು ಕಂಬದಿಂದ ತೆಗೆದು ಎಣ್ಣೆ ಕಾಯಿಸುತ್ತಾಳೆ.