ಮೂಲೆಯ ಮೇಜಿನ ಮಠ

ಶಾಲೆಗೆ ಹೋಗುವಾಗ ಪ್ಯಾರೀಸ್ ಕಾರ್ನರ್ ಎಂಬ ಪೇಟೆಯ ಉಡುಪಿ ಹೋಟೆಲಿನಿಂದ ಬರುತ್ತಿದ್ದ ಈರುಳ್ಳಿ ಸಾಂಬಾರಿನ ವಾಸನೆಯನ್ನು ಜಯಲಕ್ಷ್ಮಮ್ಮ ಎಪ್ಪತ್ತಾದರೂ ಮರೆತಿರಲಿಲ್ಲ. ಮಡಿಯ ಮನೆಯವರು, ಈರುಳ್ಳಿಯನ್ನಾಗಲಿ ಹೋಟೆಲಿನ ತಿಂಡಿಯನ್ನಾಗಲಿ ಬಾಯಿಗಿಟ್ಟವರಲ್ಲ. ಇವತ್ತು ಗಂಡ ಕಿಟ್ಟುರಾಯರು ಮಠಕ್ಕೆಂದು ಹೊರಟ ಮೇಲೆ, ಎದೆ ಗಟ್ಟಿಮಾಡಿಕೊಂಡು ಒಬ್ಬರೇ ಅದೇ ಹೋಟೆಲಿಗೆ ಕಾಲಿಟ್ಟರು.

ಮೂಲೆಯ ಮೇಜಿನಲ್ಲಿ ಕಿಟ್ಟುರಾಯರು ಸಾಂಬಾರ್ ಇಡ್ಲಿ ಚಪ್ಪರಿಸುತ್ತಿದ್ದರು! ಗಲ್ಲದ ಮೇಲೊಂದು ಈರುಳ್ಳಿ ಎಸಳು.

"ಮಠ ಇಲ್ಲಿಗೇ ಬಂತೇನ್ರೀ?"

ರಾಯರು ಬಾಯಿ ತೆರೆಯುವಷ್ಟರಲ್ಲಿ ಸರ್ವರ್ ಶೀನ ಬಂದ. "ರಾಯ್ರೇ, ದಿನದ ಹಾಗೆ ಇನ್ನೊಂದು ಸಲ ಸಾಂಬಾರ್ ಹಾಕುದಾ?"

"ಹಾಕಪ್ಪ, ಧಾರಾಳವಾಗಿ ಹಾಕು," ಎನ್ನುತ್ತ ಜಯಲಕ್ಷ್ಮಮ್ಮ ಎದುರಿಗೆ ಕೂತರು. "ಗಂಡನ ಎಲೇಲಿ ಉಂಡ್ರೆ ದೋಷ ಇಲ್ಲ ಅಂತ ನಿಮ್ಮಮ್ಮನೇ ಹೇಳ್ತಿದ್ರಲ್ವೇ?"

ರಾಯರು ಚಮಚ ಒರೆಸಿ, ತಟ್ಟೆಯನ್ನು ಹೆಂಡತಿಯ ಮುಂದೆ ಸರಿಸಿದರು.